ಸೆಕೆಂಡ್ ಹ್ಯಾಂಡ್ ಕಾರು: ಮೊದಲು ಬರೆಸಿಕೊಳ್ಳಿ, ಆಮೇಲೆ ದುಡ್ಡು ಕೊಡಿ

ಹಳೇ ಕಾರಿನಲ್ಲಿ ದೋಷ ಇರೋದು ದೊಡ್ಡ ವಿಷಯ ಅಲ್ಲ. ಎಂಟು ವರ್ಷ ಓಡಿದ ಗಾಡಿಯಲ್ಲಿ ಏನೇನೂ ತೊಂದರೆ ಇಲ್ಲ ಅಂದರೆ ನಾನಂತೂ ನಂಬೋದಿಲ್ಲ. ಕ್ಲಚ್ ಸವೆದಿದೆ, ಎಸಿ ಗ್ಯಾಸ್ ನಿಲ್ಲೋದಿಲ್ಲ, ಎಡಗಡೆ ಬಾಗಿಲಿಗೆ ಒಮ್ಮೆ ಸಿಟಿ ಬಸ್ಸು ಉಜ್ಜಿಕೊಂಡು ಹೋಗಿದೆ ಅಂತ ಮಾರುವವರು ಬಾಯಿಬಿಟ್ಟು ಹೇಳಿದರೆ ಅಷ್ಟಕ್ಕೆ ಬೆಲೆ ಇಳಿಸಿ ತೆಗೆದುಕೊಳ್ಳಬಹುದು. ಗಲಾಟೆ ಆಗೋದು ಗೊತ್ತಿದ್ದೂ ಹೇಳದೇ ಇದ್ದಾಗ. ಆ ಗಲಾಟೆಯಲ್ಲಿ ನಿಮ್ಮನ್ನು ಕಾಯೋದು ಒಂದೇ: ದುಡ್ಡು ಕೊಡುವ ಮುಂಚೆ ಅವರು ಏನು ಹೇಳಿದ್ದರು ಅನ್ನೋದಕ್ಕೆ ನಿಮ್ಮ ಕೈಯಲ್ಲಿರುವ ದಾಖಲೆ.

ನಮ್ಮ ಮಂಗಳೂರು, ಉಡುಪಿ ಕಡೆ ಈ ವ್ಯವಹಾರ ಬಹುಪಾಲು ಬಾಯಿಮಾತಿನಲ್ಲೇ ಮುಗಿಯುತ್ತದೆ. ಪರಿಚಯದವರ ಪರಿಚಯ, ಭಾವನ ಫ್ರೆಂಡು, ಗ್ಯಾರೇಜಿನವರು ತೋರಿಸಿದ ಪಾರ್ಟಿ. ಬ್ರೋಕರ್ ಒಮ್ಮೆ ತುಳುವಿನಲ್ಲಿ "ದಾಲಾ ಪ್ರಾಬ್ಲೆಂ ಇಜ್ಜಿ" (ಏನೂ ತೊಂದರೆ ಇಲ್ಲ) ಅಂದುಬಿಟ್ಟರೆ ಮತ್ತೆ ಕೇಳೋಕೆ ನಮಗೇ ಮುಜುಗರ. ಈ ಮುಜುಗರದ ಮೇಲೆ ಎಷ್ಟೋ ಗಾಡಿಗಳು ಮಾರಾಟ ಆಗುತ್ತವೆ ಮಾರಾಯ್ರೆ. ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೇಳೋದು ಯಾಕೆ ಮುಖ್ಯ ಅಂದರೆ ಕಾನೂನು ಅಲ್ಲೇ ನಿಂತಿದೆ. 1872ರ ಕರಾರು ಕಾಯ್ದೆಯ 17ನೇ ಕಲಂ ಪ್ರಕಾರ ಗೊತ್ತಿರುವ ಸಂಗತಿಯನ್ನು ಬೇಕಂತಲೇ ಮುಚ್ಚಿಟ್ಟರೆ ಅದು ವಂಚನೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಬರೀ ಸುಮ್ಮನೆ ಇದ್ದದ್ದು ಸಾಮಾನ್ಯವಾಗಿ ವಂಚನೆ ಆಗೋದಿಲ್ಲ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ ಅಂತಾದರೆ ನಿಮ್ಮ ಕೇಸು ಅಲ್ಲೇ ಅರ್ಧ ಬಿದ್ದ ಹಾಗೆ. ನೀವು ಕೇಳಿದಿರಿ, ಅವರು "ಆಕ್ಸಿಡೆಂಟ್ ಆಗಿಲ್ಲ" ಅಂದರು, ಆಮೇಲೆ ಪಿಲ್ಲರ್ (ಛಾವಣಿ ಹೊರುವ ಕಂಬ) ವೆಲ್ಡ್ ಮಾಡಿದ್ದು ಸಿಕ್ಕಿತು, ಆಗ ಅವರು ಸುಳ್ಳು ಹೇಳಿದ್ದು ಅಂತ ಆಯಿತು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಕೂಡ ನೋಡಬೇಕು. ಅದೇ ವ್ಯಾಪಾರದಲ್ಲಿ ಇರುವವರಿಂದ ಕೊಂಡ ವಸ್ತು ಮಾರಾಟಕ್ಕೆ ಯೋಗ್ಯವಾಗಿ ಇರಬೇಕು ಅಂತ ಅದು ಹೇಳುತ್ತದೆ, ಆದರೆ ನೀವು ಪರೀಕ್ಷೆ ಮಾಡಿ ಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ತಕರಾರು ಎತ್ತುವ ಹಾಗಿಲ್ಲ. ಸವೆದ ಟಯರು, ಬಂಪರಿನ ಗೀರು ಇವೆಲ್ಲ ನಿಮ್ಮ ಪಾಲಿಗೆ. ಒಳಗೆ ಅಡಗಿದ್ದಕ್ಕೆ ಮಾತ್ರ ಅವರು ಉತ್ತರ ಕೊಡಬೇಕು.

ಯಾರಿಂದ ಕೊಳ್ಳುತ್ತಿದ್ದೀರಿ?

ಇದು ಜನ ಯೋಚನೆಯೇ ಮಾಡದೆ ಬಿಡುವ ಜಾಗ. ಬೋರ್ಡ್ ಹಾಕಿ ಹತ್ತಿಪ್ಪತ್ತು ಗಾಡಿ ನಿಲ್ಲಿಸಿರುವ ಡೀಲರ್, ಕಮಿಷನ್ ಮೇಲೆ ಕೆಲಸ ಮಾಡುವ ಬ್ರೋಕರ್, ತಮ್ಮದೇ ಕಾರು ಮಾರುವ ಮನೆಯವರು, ಈ ಮೂವರ ಮೇಲೆ ನಿಮಗಿರುವ ಹಕ್ಕು ಒಂದೇ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ಕ್ಕೆ ಜಾರಿಗೆ ಬಂತು, ಅದು ವ್ಯಾಪಾರ ಮಾಡುವವರ ಮೇಲೆ ನಡೆಯುವ ಕಾಯ್ದೆ. ಡೀಲರ್ ಮೋಸ ಮಾಡಿದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಬ್ರೋಕರ್ ನಿಮ್ಮಿಂದ ಕಮಿಷನ್ ತೆಗೆದುಕೊಂಡಿದ್ದರೆ ಅದು ಸೇವೆ. ಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯೋದು ಕೂಡ ಸೇವೆಯ ಕೊರತೆ ಅಂತ ಆ ಕಾಯ್ದೆಯಲ್ಲೇ ಬರೆದಿದೆ, ಆದರೆ ಕಮಿಷನ್ ಕೊಟ್ಟದ್ದಕ್ಕೆ ಪುರಾವೆ ಬೇಕು. ಮನೆಯವರು ತಮ್ಮ ಸ್ವಂತ ಕಾರು ಮಾರಿದರೆ ಅವರು ವ್ಯಾಪಾರಿಗಳಲ್ಲ, ಸಾಮಾನ್ಯವಾಗಿ ಸಿವಿಲ್ ಕೋರ್ಟೇ ಗತಿ. ಇನ್ನು ನೀವೇ ಮರುಮಾರಾಟಕ್ಕೆ ಅಂತ ಕೊಂಡಿದ್ದರೆ ನೀವು ಗ್ರಾಹಕರೇ ಅಲ್ಲ. ಹೊಟ್ಟೆಪಾಡಿಗೆ ಒಂದು ಗಾಡಿ ಕೊಂಡು ನೀವೇ ಓಡಿಸಿದರೆ ಅಡ್ಡಿ ಇಲ್ಲ.

ಡೀಲರುಗಳಲ್ಲಿ ಕೆಲವರ ಒಂದು ಉಪಾಯ ಗೊತ್ತಿರಲಿ. ಗಾಡಿ ಅವರ ಜಾಗದಲ್ಲಿ ನಿಂತಿರುತ್ತದೆ, ಮಾತು ಅವರದ್ದು, ಬೆಲೆ ಅವರದ್ದು. ಆದರೆ ಕಾಗದದಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಹಳೇ ಮಾಲೀಕರಿಂದ ಸೀದಾ ನಿಮ್ಮ ಹೆಸರಿಗೆ ಆರ್‌ಸಿ ಆಗುತ್ತದೆ, ದುಡ್ಡು ಯಾರದೋ ಹುಡುಗನ ಗೂಗಲ್ ಪೇಗೆ ಹೋಗುತ್ತದೆ. ನಾಳೆ ಗೇರ್‌ಬಾಕ್ಸ್ ಬಿಟ್ಟರೆ "ನಾನು ಗಾಡಿ ತೋರಿಸಿದ್ದು ಅಷ್ಟೇ, ಮಾರಿದ್ದು ಅವರು" ಅನ್ನುತ್ತಾರೆ. ಅದಕ್ಕೇ ಬಿಲ್ಲು ಅಥವಾ ರಸೀದಿ ಡೀಲರ್ ಹೆಸರಲ್ಲಿ, ಸೀಲು, ಜಿಎಸ್‌ಟಿ ನಂಬರ್ ಸಮೇತ ಇರಲಿ. ದುಡ್ಡು ಅದೇ ಸಂಸ್ಥೆಯ ಬ್ಯಾಂಕ್ ಖಾತೆಗೆ ಹೋಗಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳೋದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಹಾಗಾಗಿ "ಕ್ಯಾಶ್ ಆದರೆ ಇಪ್ಪತ್ತು ಸಾವಿರ ಕಡಿಮೆ" ಅಂದವರಿಗೆ ಇಲ್ಲ ಅನ್ನೋಕೆ ನಿಮಗೆ ಒಳ್ಳೆ ಕಾರಣವೂ ಇದೆ.

ಇನ್ನೊಂದು, ತುಂಬ ಜನರಿಗೆ ಗೊತ್ತಿಲ್ಲ. 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರುವ ಡೀಲರುಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕು ಅನ್ನುವ ನಿಯಮ ಬಂದಿದೆ. ಅಂಥ ಡೀಲರಿಗೆ ಮಾಲೀಕರು ಗಾಡಿ ಒಪ್ಪಿಸಿದ ವಿಷಯವನ್ನು ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಗಾಡಿ ಮಾರಿ ಮುಗಿಯುವವರೆಗೆ ಅದರ ಜವಾಬ್ದಾರಿ ಡೀಲರದ್ದು. ಹೋದಾಗ ಆ ಪತ್ರ ಉಂಟಾ ಅಂತ ಕೇಳಿ. ಇದ್ದರೆ ಗೋಡೆಯಲ್ಲೇ ತೋರಿಸುತ್ತಾರೆ, ಇಲ್ಲದಿದ್ದರೆ ಮಾತು ಬದಲಾಯಿಸುತ್ತಾರೆ. ಇಲ್ಲ ಅಂದಮಾತ್ರಕ್ಕೆ ಕಳ್ಳರು ಅಂತ ನಾನು ಹೇಳೋದಿಲ್ಲ, ಆದರೆ ಒಂದೇ ದರದಲ್ಲಿ ಎರಡು ಗಾಡಿ ಇದ್ದರೆ ಪತ್ರ ಇರುವವರ ಕಡೆ ಹೋಗೋದು ಒಳ್ಳೆಯದು ಅಲ್ವಾ.

ವಾಟ್ಸಾಪಿನಲ್ಲಿ ಕೇಳಿ

ಗಾಡಿ ಇಷ್ಟ ಆಗಿದೆ, ರೇಟು ಮಾತಾಡಿದ್ದೀರಿ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಸರಿಯಾದ ಸಮಯ ಅದೇ. ಒಂದು ಮೆಸೇಜ್ ಹಾಕಿ, ಸುಮಾರು ಹೀಗೆ (ಏಪ್ರಾನ್ ಅಂದರೆ ಇಂಜಿನ್ ಪಕ್ಕದ ಒಳಗಿನ ತಗಡು):

"ಅಣ್ಣ, ನಮಸ್ಕಾರ. ಗಾಡಿ ಮನೆಯವರಿಗೂ ಇಷ್ಟ ಆಯ್ತು. ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ಹೇಳಿ. ಆಕ್ಸಿಡೆಂಟ್ ಆಗಿ ಏಪ್ರಾನ್, ಪಿಲ್ಲರ್, ಚಾಸಿಸ್ ಕೆಲಸ ಮಾಡಿಸಿದ್ದುಂಟಾ? ನೆರೆ ನೀರಲ್ಲಿ ನಿಂತದ್ದುಂಟಾ, ನೀರು ಎಲ್ಲಿವರೆಗೆ ಬಂದಿತ್ತು? ಮೀಟರ್ ಅಸಲಾ, ಬದಲಾಯಿಸಿದ್ದಾ? ಇಂಜಿನ್, ಗೇರ್‌ಬಾಕ್ಸ್ ಬಿಚ್ಚಿದ್ದುಂಟಾ? ಇನ್ಶೂರೆನ್ಸ್ ಕ್ಲೇಮ್ ಎಷ್ಟು ಸಲ ಮಾಡಿದ್ದು, ಯಾವುದಕ್ಕೆ? ಟ್ಯಾಕ್ಸಿ ಅಥವಾ ಬಾಡಿಗೆಗೆ ಓಡಿದ್ದುಂಟಾ? ಲೋನ್, ಫೈನ್, ಪೊಲೀಸ್ ಕೇಸ್ ಬಾಕಿ ಉಂಟಾ? ಸದ್ಯ ಮಾಡಿಸಬೇಕಾದ ರಿಪೇರಿ ಏನಾದರೂ ಇದ್ದರೆ ಅದನ್ನೂ ಹೇಳಿ, ನನಗೆ ಬೇಸರ ಇಲ್ಲ."

ಕೊನೆಯ ವಾಕ್ಯ ಬಿಡಬೇಡಿ. ಸಣ್ಣ ದೋಷ ಹೇಳೋಕೆ ಅವರಿಗೆ ಧೈರ್ಯ ಬರುತ್ತದೆ, ಸಣ್ಣದು ಹೇಳುವವರು ಒಮ್ಮೊಮ್ಮೆ ದೊಡ್ಡದನ್ನೂ ಹೇಳಿಬಿಡುತ್ತಾರೆ.

ಹೆಚ್ಚಿನವರು ಬರೆದು ಉತ್ತರಿಸೋದಿಲ್ಲ, ಫೋನ್ ಮಾಡುತ್ತಾರೆ. ಪರವಾಗಿಲ್ಲ. ಮಾತಾಡಿ ಇಟ್ಟ ಕೂಡಲೇ ನೀವೇ ಬರೆಯಿರಿ: "ಈಗ ನೀವು ಫೋನಿನಲ್ಲಿ ಹೇಳಿದ ಹಾಗೆ ಗಾಡಿಗೆ ದೊಡ್ಡ ಆಕ್ಸಿಡೆಂಟ್ ಆಗಿಲ್ಲ, ನೆರೆಗೆ ಸಿಕ್ಕಿಲ್ಲ, ಮೀಟರ್ ಅಸಲು. ಇದರ ಮೇಲೆ ನಾಳೆ ಅಡ್ವಾನ್ಸ್ ಹಾಕುತ್ತೇನೆ. ತಪ್ಪಿದ್ದರೆ ತಿಳಿಸಿ." ಅವರು ಒಂದು ಹೆಬ್ಬೆಟ್ಟು ಎಮೋಜಿ ಕಳಿಸಿದರೂ ಸಾಕು, ಏನೂ ಕಳಿಸದೆ ದುಡ್ಡು ತೆಗೆದುಕೊಂಡರೂ ಅದು ನಿಮಗೆ ಉಪಯೋಗಕ್ಕೆ ಬರುತ್ತದೆ. ಚಾಟ್ ಡಿಲೀಟ್ ಮಾಡಬೇಡಿ, ಫೋನ್ ಬದಲಾಯಿಸುವಾಗ ಬ್ಯಾಕಪ್ ನೋಡಿಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲ ದಿನವೇ ತೆಗೆದಿಡಿ. "ನಾನ್ ಆಕ್ಸಿಡೆಂಟಲ್, ಸಿಂಗಲ್ ಓನರ್" ಅಂತ ಬರೆದ ಆ ಪೋಸ್ಟು ಗಾಡಿ ಮಾರಾಟ ಆದ ಮೇಲೆ ಮಾಯವಾಗುತ್ತದೆ.

ಕಾಗದ ಬಾಯಿಬಿಡುವ ವಿಷಯಗಳು

ಪರಿವಾಹನ್ ಸೈಟಿನಲ್ಲಿ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಯಾವಾಗಿನವರೆಗೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಲೋನ್ ಯಾರದ್ದು, ಎಲ್ಲ ಅಲ್ಲಿ ಇರುತ್ತದೆ. ನಮ್ಮಲ್ಲಿ ಸೊಸೈಟಿ ಲೋನ್ ಜಾಸ್ತಿ. ಲೋನ್ ತೀರಿದೆ ಅನ್ನುತ್ತಾರೆ, ಆದರೆ ಆರ್‌ಸಿಯಲ್ಲಿ ಸೊಸೈಟಿ ಹೆಸರು ಹಾಗೇ ಇರುತ್ತದೆ. ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಮಾಡಿಸುವ ಫಾರ್ಮ್ 35 ಮತ್ತು ಸೊಸೈಟಿಯ ಎನ್‌ಓಸಿ (ತಕರಾರಿಲ್ಲ ಅನ್ನುವ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಇನ್ಶೂರೆನ್ಸ್ ಪಾಲಿಸಿಯ ಕಾಪಿ ಕೇಳಿ. ಬೇರೆ ಎಲ್ಲ ಬಿಟ್ಟು ಅದರಲ್ಲಿ ಎನ್‌ಸಿಬಿ ಅಂತ ಇರುವ ಸಾಲು ನೋಡಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಅದು: ಮೊದಲ ವರ್ಷಕ್ಕೆ 20, ಆಮೇಲೆ 25, 35, 45, ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇಕಡಾ 50. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಏಳು ವರ್ಷದ, ಒಬ್ಬರೇ ಮಾಲೀಕರ, "ಒಂದು ಗೀರೂ ಆಗದ" ಗಾಡಿಯ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆಯೋ ಇಪ್ಪತ್ತೋ ಇದ್ದರೆ ಯಾಕೆ ಅಂತ ಕೇಳಿ. ಪಾಲಿಸಿ ಮಧ್ಯದಲ್ಲಿ ತಪ್ಪಿಹೋಗಿದ್ದರೂ ಹಾಗಾಗಬಹುದು. ಎನ್‌ಸಿಬಿ ಉಳಿಸುವ ಆ್ಯಡ್-ಆನ್ ಇದ್ದರೆ ಕ್ಲೇಮ್ ಮಾಡಿದರೂ ಅದು ಇಳಿಯದೇ ಇರಬಹುದು. ಆದರೂ ಈ ಒಂದು ಸಾಲು ಹೇಳುವಷ್ಟು ಸತ್ಯ ಬ್ರೋಕರ್ ಹೇಳೋದಿಲ್ಲ.

ಮೀಟರ್ ತಿರುಗಿಸಿದ್ದಾರಾ ಅಂತ ತಿಳಿಯೋಕೆ ಅದೇ ಕಂಪನಿಯ ಸರ್ವಿಸ್ ಸೆಂಟರಿನ ದಾಖಲೆ ಒಳ್ಳೆಯದು. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗಿ ಅಥವಾ ಅವರಿಂದಲೇ ಸರ್ವಿಸ್ ಹಿಸ್ಟರಿ ತರಿಸಿ. ಪ್ರತಿ ಸರ್ವಿಸಿನ ದಿನಾಂಕ, ಅವತ್ತಿನ ಕಿಲೋಮೀಟರ್ ಅದರಲ್ಲಿ ಇರುತ್ತದೆ. 2021ರಲ್ಲಿ 78,000 ಇದ್ದದ್ದು ಈಗ 52,000 ಆಗಿದ್ದರೆ ಬೇರೆ ಏನೂ ಬೇಕಾಗಿಲ್ಲ, ಎದ್ದು ಬನ್ನಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2018ರ ಗಾಡಿ 25,000 ಓಡಿದೆ ಅನ್ನುತ್ತಾರೆ, ಆದರೆ ನಾಲ್ಕೂ ಟಯರ್ 2022ರದ್ದು. ಅಷ್ಟು ಬೇಗ ಟಯರ್ ಯಾಕೆ ಬದಲಾಯಿತು?

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಗಳೂ ಸಿಗುತ್ತವೆ. ಅದೇನು ಕಾನೂನುಬಾಹಿರ ಅಲ್ಲ, ಆದರೆ ಅದನ್ನು ಹೇಳದೆ "ಫ್ಯಾಮಿಲಿ ಯೂಸ್" ಅಂತ ಮಾರೋದು ಮೋಸ. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದಾ ಅನ್ನುವ ಪರೀಕ್ಷೆ) ಆಗಿರಬೇಕು.

ತಲಪಾಡಿ ಗಡಿ ಆಚೆಯ ಕೇರಳದ ಕೆಎಲ್-14 (ಕಾಸರಗೋಡು) ಗಾಡಿಗಳು ಇಲ್ಲಿಯ ರೇಟಿಗಿಂತ ಅಗ್ಗ ಕಾಣುತ್ತವೆ. ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ ಬೇಕು, ಇಲ್ಲಿಗೆ ತಂದು ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅದು ಸಣ್ಣ ಮೊತ್ತ ಅಲ್ಲ. ಗಾಡಿಯ ವಯಸ್ಸು ನೋಡಿ ಎಷ್ಟಾಗುತ್ತದೆ ಅಂತ ಆರ್‌ಟಿಓದಲ್ಲೇ ಲೆಕ್ಕ ಹಾಕಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

ಗಾಡಿ ನೋಡುವಾಗ: ತುಕ್ಕು ಮತ್ತು ನೀರು

ಇಂಜಿನ್ ನೋಡೋದು ಹೇಗೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ, ನಾನು ಉದ್ದ ಬರೆಯೋದಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ನೀವು ಬರುವ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದಾರಾ ಅಂತ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ಹಾಗೆ ಬಿಳಿ ಕಂಡರೆ ನೀರು ಸೇರಿರಬಹುದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತೋದೇ ಇಲ್ಲ ಅಂದರೆ ಯಾರೋ ಆ ದೀಪವನ್ನೇ ತಪ್ಪಿಸಿರಬಹುದು, ಏರ್‌ಬ್ಯಾಗ್ ಒಮ್ಮೆ ಒಡೆದು ಮತ್ತೆ ಹಾಕಿಸದ ಗಾಡಿಯೂ ಆಗಿರಬಹುದು.

ನಮ್ಮ ಊರಿನ ವಿಶೇಷ ತುಕ್ಕು. ಮಲ್ಪೆ, ಉಳ್ಳಾಲ, ಸೋಮೇಶ್ವರ, ತಣ್ಣೀರುಬಾವಿ ಕಡೆ ಕಡಲಿನ ಗಾಳಿಗೆ ನಿಂತ ಗಾಡಿ, ಹೆದ್ದಾರಿಯಲ್ಲಿ ಮೀನಿನ ಲಾರಿ ಚೆಲ್ಲಿದ ಉಪ್ಪುನೀರಿನ ಮೇಲೆ ದಿನಾ ಓಡಿದ ಗಾಡಿ, ಇವುಗಳ ಮೇಲ್ಮೈ ಪಾಲಿಶ್ ಹಾಕಿ ಫಳಫಳ ಅನ್ನುತ್ತಿದ್ದರೂ ಅಡಿ ತಿಂದುಹೋಗಿರಬಹುದು. ಹಾಗಾಗಿ ಗ್ಯಾರೇಜಿಗೆ ಒಯ್ದು ಲಿಫ್ಟಿಗೆ ಏರಿಸಿಯೇ ನೋಡಬೇಕು. ಬಾಗಿಲಿನ ಕೆಳಗಿನ ಅಂಚು, ಚಕ್ರದ ಒಳಗಿನ ಕಮಾನು, ಸೈಲೆನ್ಸರ್, ಸಸ್ಪೆನ್ಶನ್ ಕೂರುವ ಜಾಗ, ಬ್ರೇಕ್ ಪೈಪು ನೋಡಿ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಖುಷಿಪಡಬೇಡಿ. ಮಾರುವ ಹಿಂದಿನ ವಾರ ಯಾರೂ ಗಾಡಿಯ ಮೇಲಿನ ಪ್ರೀತಿಗೆ ಕೋಟಿಂಗ್ ಹೊಡೆಸೋದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿಸಿ ನೋಡಿ, ಮೆಕ್ಯಾನಿಕ್ಕಿಗೆ ಶಬ್ದದಲ್ಲೇ ಗೊತ್ತಾಗುತ್ತದೆ.

ನೀರಿನ ವಿಷಯ ಇನ್ನೂ ಜಾಸ್ತಿ ಗಮನ ಬೇಡುತ್ತದೆ. 2018ರ ಮೇ 29ರ ಮಳೆಗೆ ಮಂಗಳೂರು ಮುಳುಗಿದ್ದು, 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯಲ್ಲಿ ನೆರೆ ಬಂದದ್ದು ನೆನಪಿದೆ ಅಲ್ವಾ. ಕೊಟ್ಟಾರ ಚೌಕಿ, ಪಂಪ್‌ವೆಲ್, ಕಲ್ಸಂಕದಲ್ಲಿ ಜೋರು ಮಳೆ ಬಂದಾಗಲೆಲ್ಲ ಗಾಡಿಗಳು ನೀರಿನಲ್ಲಿ ನಿಲ್ಲುತ್ತವೆ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಶೇಕಡಾ 75 ದಾಟಿದರೆ ಇನ್ಶೂರೆನ್ಸಿನವರು ಟೋಟಲ್ ಲಾಸ್ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಗಾಡಿ ಹರಾಜಿಗೆ ಹೋಗುತ್ತದೆ, ಯಾರೋ ಕೊಂಡು ಒಣಗಿಸಿ, ಸೀಟು ಕವರ್ ಹೊಸದು ಹಾಕಿ, ಸೆಂಟ್ ಹೊಡೆದು ಮತ್ತೆ ಸಂತೆಗೆ ತರುತ್ತಾರೆ. 2018ರಲ್ಲಿ ಕೇರಳದ ಪ್ರವಾಹದ ಮೇಲಂತೂ ಈ ಭಯ ಎಲ್ಲರಿಗೂ ಇತ್ತು. ಪತ್ತೆ ಹಚ್ಚೋದು ಹೀಗೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇರಬಹುದು, ಅದನ್ನು ತೊಳೆಯೋಕೆ ಯಾರಿಗೂ ನೆನಪಾಗೋದಿಲ್ಲ. ಸೀಟಿನ ಅಡಿಯ ಕಂಬಿಗೆ, ಬೋಲ್ಟಿಗೆ ತುಕ್ಕು ಹಿಡಿದಿದೆಯಾ ನೋಡಿ. ಡಿಕ್ಕಿಯ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣು ಹುಡುಕಿ. ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಾಕಿ ವಯರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಆ ಗಾಡಿ ಬೇಡ. ಕಿಟಕಿ ಎಲ್ಲ ಮುಚ್ಚಿ, ಎಸಿ ಹಾಕದೆ ಹತ್ತು ನಿಮಿಷ ಬಿಸಿಲಲ್ಲಿ ಕೂತರೆ ಹಸಿ ಕಾರ್ಪೆಟ್ಟಿನ ವಾಸನೆ ತಾನೇ ಬರುತ್ತದೆ.

ಆಕ್ಸಿಡೆಂಟಿನ ಗುರುತು ಬೋಲ್ಟುಗಳಲ್ಲಿ ಇರುತ್ತದೆ. ಬಾನೆಟ್, ಮಡ್ಗಾರ್ಡ್, ಬಾಗಿಲಿನ ಹಿಂಜಿನ ಬೋಲ್ಟ್ ತಲೆಯ ಬಣ್ಣ ಎದ್ದಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಬರೀ ಮಡ್ಗಾರ್ಡ್ ಬದಲಾಗಿದ್ದರೆ ದೊಡ್ಡ ವಿಷಯ ಅಲ್ಲ, ನಮ್ಮ ರಸ್ತೆಯಲ್ಲಿ ಅದು ಆಗದ ಗಾಡಿ ಕಡಿಮೆ. ಏಪ್ರಾನ್, ಪಿಲ್ಲರಿಗೆ ಟಿಂಕರಿಂಗ್ ಆಗಿದ್ದರೆ ಮಾತ್ರ ಬೇಡ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳು ಎರಡೂ ಕಡೆ ಒಂದೇ ಥರ ಇವೆಯಾ ನೋಡಿ.

ಗಲ್ಫಿನವರ ಗಾಡಿ ಅಂತ ಒಂದು ಜಾತಿ ಇದೆ. "ವರ್ಷಕ್ಕೊಮ್ಮೆ ಊರಿಗೆ ಬಂದಾಗ ಓಡಿಸಿದ್ದು ಅಷ್ಟೇ." ಕಿಲೋಮೀಟರ್ ಕಡಿಮೆ ಇರೋದು ನಿಜವೂ ಆಗಿರಬಹುದು. ಆದರೆ ಶೆಡ್ಡಿನಲ್ಲಿ ಹನ್ನೊಂದು ತಿಂಗಳು ನಿಂತ ಗಾಡಿಯ ವಯರನ್ನು ಇಲಿ ಹೆಗ್ಗಣ ಕಡಿದಿರುತ್ತವೆ, ಬ್ರೇಕ್ ಹಿಡಿದುಕೊಂಡಿರುತ್ತದೆ, ರಬ್ಬರ್ ಎಲ್ಲ ಬಿರುಕು ಬಿಟ್ಟಿರುತ್ತದೆ. ಅದಕ್ಕಿಂತ ಮುಖ್ಯ, ಮಾಲೀಕರು ದುಬೈಯಲ್ಲಿ ಇದ್ದರೆ ಫಾರ್ಮಿಗೆ ಸಹಿ ಯಾರು ಹಾಕುತ್ತಾರೆ, ಆರ್‌ಸಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬಂದರೆ ಯಾರು ಹೇಳುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಓಡಿಸಿ ನೋಡೋದು ಪಂಪ್‌ವೆಲ್ಲಿನಿಂದ ತೊಕ್ಕೊಟ್ಟಿನ ನೇರ ರಸ್ತೆಯಲ್ಲಿ ಬೇಡ. ಕದ್ರಿ ಗುಡ್ಡವನ್ನೋ ಉಡುಪಿಯಿಂದ ಮಣಿಪಾಲದ ಏರನ್ನೋ ಹತ್ತಿಸಿ. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎತ್ತಿ. ಘಾಟಿ ಓಡಿದ ಗಾಡಿಯ ಕ್ಲಚ್ ಅಲ್ಲಿ ಗೊತ್ತಾಗುತ್ತದೆ. ಅಂದಹಾಗೆ ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಡಿ ಕೊಳ್ಳೋರು ಕಡಿಮೆ, ಮಳೆಯೂ ಜೋರು, ಹಾಗಾಗಿ ರೇಟು ಮಾತಾಡೋಕೂ ಒಳ್ಳೆಯದು, ಎಲ್ಲಿ ನೀರು ಸೋರುತ್ತದೆ ಅಂತ ನೋಡೋಕೂ ಒಳ್ಳೆಯದು. ಆಟಿ ಒಳ್ಳೆಯದಲ್ಲ ಅನ್ನುವ ನಂಬಿಕೆ ಇದ್ದವರು ಆಟಿಯಲ್ಲಿ ನೋಡಿಟ್ಟು ಮುಂದಿನ ತಿಂಗಳು ಸೋಣದಲ್ಲಿ ತೆಗೆದುಕೊಳ್ಳಿ.

ಡೆಲಿವರಿ ನೋಟಿನ ಆ ಒಂದು ಸಾಲು

ಎಲ್ಲ ಮುಗಿದು ಕೀ ಕೊಡುವಾಗ ಒಂದು ಡೆಲಿವರಿ ನೋಟಿಗೆ ಸಹಿ ಮಾಡಿಸುತ್ತಾರೆ. ಇಂಥ ದಿನ, ಇಷ್ಟು ಗಂಟೆಯಿಂದ ಆಗುವ ಆಕ್ಸಿಡೆಂಟ್, ಫೈನ್, ಕೇಸಿಗೆಲ್ಲ ಕೊಂಡವರೇ ಹೊಣೆ ಅಂತ ಇರುತ್ತದೆ, ಅದು ನ್ಯಾಯವೇ. ಆದರೆ ಅಚ್ಚಾದ ಫಾರ್ಮಿನಲ್ಲಿ ಇನ್ನೊಂದು ಸಾಲೂ ಇರುತ್ತದೆ: "ವಾಹನವನ್ನು ಕೂಲಂಕಷವಾಗಿ ಪರೀಕ್ಷಿಸಿ, ತೃಪ್ತಿಯಾಗಿ, ಇದ್ದ ಸ್ಥಿತಿಯಲ್ಲೇ ಪಡೆದಿದ್ದೇನೆ." ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ಸುಳ್ಳು ಹೇಳಿ ಮಾರಿದವರನ್ನು ಈ ಸಾಲು ಪೂರ್ತಿ ಬಚಾವ್ ಮಾಡೋದಿಲ್ಲ, ಆದರೆ ಎದುರು ವಕೀಲರು ಮೊದಲು ಎತ್ತಿ ತೋರಿಸೋದು ಇದನ್ನೇ. ಅದರ ಕೆಳಗೆ ಪೆನ್ನಿನಲ್ಲಿ ಬರೆಸಿ: "ಮಾರುವವರು ತಿಳಿಸಿದ ಪ್ರಕಾರ ಈ ವಾಹನಕ್ಕೆ ದೊಡ್ಡ ಅಪಘಾತ, ನೆರೆ ಹಾನಿ ಆಗಿಲ್ಲ, ಮೀಟರ್ ಇಂತಿಷ್ಟು ಕಿ.ಮೀ., ಅಸಲು, ತಿಳಿಸಿದ ದೋಷಗಳು:..." ಇಬ್ಬರೂ ಸಹಿ ಹಾಕಿ, ಒಂದೊಂದು ಕಾಪಿ ಇಟ್ಟುಕೊಳ್ಳಿ. ಇದಕ್ಕೆ ಒಪ್ಪದ ಮಾರಾಟಗಾರರು ಸಿಕ್ಕಿದರೆ ಅವರು ನಿಮಗೆ ಉತ್ತರ ಕೊಟ್ಟೇ ಬಿಟ್ಟರು. ಡೀಲರ್ ವಾರಂಟಿ ಕೊಡುತ್ತೇನೆ ಅಂದರೆ ಎಷ್ಟು ತಿಂಗಳು, ಯಾವ ಭಾಗಕ್ಕೆ, ರಿಪೇರಿ ಎಲ್ಲಿ ಅಂತ ಅದೂ ಬರಹದಲ್ಲೇ ಬೇಕು.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೂ 14 ದಿನ. ಅದು ಆಗದಿದ್ದರೆ ನಿಮ್ಮ ಗಾಡಿಯ ಸ್ವಂತ ಹಾನಿಗೆ ಕ್ಲೇಮ್ ಸಿಗೋದು ಕಷ್ಟ. ಹಳೇ ಮಾಲೀಕರ ಎನ್‌ಸಿಬಿ ಅವರದ್ದೇ, ನಿಮಗೆ ಬರೋದಿಲ್ಲ, ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕಾಗುತ್ತದೆ.

ಮೋಸ ಆಗಿದೆ ಅಂತ ಗೊತ್ತಾದರೆ

ಮೊದಲ ಕೆಲಸ, ರಿಪೇರಿ ಮಾಡಿಸಬೇಡಿ. ಸಿಟ್ಟಿನಲ್ಲಿ ಗ್ಯಾರೇಜಿಗೆ ಬಿಟ್ಟು ಎಲ್ಲ ಬಿಚ್ಚಿಸಿದರೆ ಸಾಕ್ಷಿ ಅಲ್ಲೇ ಹೋಯಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ದೋಷ ಏನು, ಎಷ್ಟು ಹಳೆಯದು, ಖರ್ಚು ಎಷ್ಟು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಮೀಟರಿನ ಫೋಟೋ, ಅಡಿಯ ಫೋಟೋ ತೆಗೆಯಿರಿ. ಅದೇ ದಿನ ಮಾರಿದವರಿಗೆ ಬರಹದಲ್ಲಿ ತಿಳಿಸಿ. ತಡ ಮಾಡಿ ಓಡಿಸುತ್ತಾ ಇದ್ದರೆ ನೀವು ಒಪ್ಪಿಕೊಂಡ ಹಾಗೆ ಅಂತ ಅವರು ವಾದಿಸಬಹುದು. ದುಡ್ಡು ವಾಪಸ್ಸಾ, ರಿಪೇರಿ ಖರ್ಚಾ, ಬೆಲೆಯಲ್ಲಿ ಕಡಿತವಾ, ನಿಮಗೆ ಏನು ಬೇಕು ಅಂತ ಸ್ಪಷ್ಟ ಹೇಳಿ.

ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆನ್‌ಲೈನ್ ಕಂಪನಿಯಿಂದ ಕೊಂಡಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, 48 ಗಂಟೆಯಲ್ಲಿ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಹೇಳಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಇದೆ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದಕ್ಷಿಣ ಕನ್ನಡಕ್ಕೂ ಉಡುಪಿಗೂ ಬೇರೆ ಬೇರೆ ಆಯೋಗ ಇದೆ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂದರೆ ಬೆಂಗಳೂರಿನ ಡೀಲರಿಂದ ಕೊಂಡಿದ್ದರೂ ಕುಂದಾಪುರದವರು ಉಡುಪಿಯಲ್ಲೇ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗಕ್ಕೆ ಸೇರಿದ್ದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಬೇಕೇ ಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಎರಡು ವರ್ಷದ ಒಳಗೆ ಹಾಕಬೇಕು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿ ಬರೆದಿದೆ. ವಾಯಿದೆ ಮೇಲೆ ವಾಯಿದೆ ಬಿದ್ದು ಜಾಸ್ತಿ ಸಮಯ ಹಿಡಿಯೋದೇ ರೂಢಿ, ತಾಳ್ಮೆ ಇಟ್ಟುಕೊಳ್ಳಿ. ಮಧ್ಯಸ್ಥಿಕೆಗೆ ಕಳಿಸುವ ಅವಕಾಶವೂ ಅಲ್ಲಿದೆ, ಸುಮಾರು ಮೊತ್ತಕ್ಕೆ ಡೀಲರ್ ಒಪ್ಪಿದರೆ ಅದನ್ನು ತಳ್ಳಿಹಾಕಬೇಡಿ.

ಕದ್ದ ಗಾಡಿ, ಚಾಸಿಸ್ ನಂಬರ್ ತಿದ್ದಿದ್ದು, ನಕಲಿ ಎನ್‌ಓಸಿ ಇಂಥದ್ದಾದರೆ ಆಯೋಗಕ್ಕೆ ಕಾಯಬೇಡಿ, ಸೀದಾ ಪೊಲೀಸ್ ಠಾಣೆಗೆ ಹೋಗಿ. ವಂಚನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ.

ನೀವೇ ಮಾರುವವರಾದರೆ

ಹೊಸದು ಕೊಳ್ಳೋಕೆ ಹಳೆಯದನ್ನು ಮಾರುತ್ತೀರಿ ತಾನೆ? ಮೇಲೆ ಬರೆದ ಎಲ್ಲವನ್ನೂ ತಿರುಗಿಸಿ ಓದಿ. ಗೊತ್ತಿರುವ ದೋಷವನ್ನು ಬರೆದು ಕೊಟ್ಟು ಸಹಿ ತೆಗೆದುಕೊಂಡರೆ ನಾಳೆ ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಕೇಳುವ ಹಾಗಿಲ್ಲ. ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ (ಅಧಿಕಾರ ಪತ್ರ ಇರುವ ಡೀಲರಿಗೆ ಒಪ್ಪಿಸಿ ಆನ್‌ಲೈನಿನಲ್ಲಿ ತಿಳಿಸಿದ್ದರೆ ಮೇಲೆ ಹೇಳಿದ ಹಾಗೆ ಮಾತು ಬೇರೆ). ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಮಾರಿ ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರ ಅವರ ಮೇಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಖಾಲಿ ಫಾರ್ಮಿಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡೋದಂತೂ ಬೇಡವೇ ಬೇಡ. ಫಾಸ್ಟ್ಯಾಗನ್ನು ಗಾಡಿ ಕೊಡುವ ದಿನವೇ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಇಲ್ಲದಿದ್ದರೆ ಹೆಜಮಾಡಿ, ಬ್ರಹ್ಮರಕೂಟ್ಲು ಟೋಲ್ ಎಲ್ಲ ನಿಮ್ಮ ಖಾತೆಯಿಂದ ಕಡಿತ ಆಗುತ್ತಾ ಇರುತ್ತದೆ.